ಎರಡು ಬೀಗ, ಒಂದು ಜೆರುಸಲೇಮ್

ಜಾರ್ಜ್‌ಟೌನ್
೧೨ ಜನವರಿ ೨೦೨೫

ಸುಮಿತ್ರವ್ವನವರಿಗೆ ನಮಸ್ಕಾರ.

ಅಂಚೆಯಲ್ಲಿ ಲಕೋಟೆ ಬಂತೆಂದು ಗಾಬರಿಯಾಗಬೇಡಿ. ಇದು ಲಗ್ನಪತ್ರಿಕೆಯೂ ಅಲ್ಲ, ಲಾಯರ್ ನೋಟಿಸೂ ಅಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರೆದರೆ ನೀವು ಓದುವ ಮೊದಲೇ ಅದರ ಫೋಟೋ ಮೂರು ಊರಿನ ಗುಂಪುಗಳಲ್ಲಿ ಓಡಾಡುತ್ತದೆ. ಫೋನ್ ಮಾಡೋಣವೆಂದರೆ, ಈ ವಿಷಯ ಬಂದಾಗಲೆಲ್ಲ ನಾನು ಕೂಗಾಡುತ್ತೇನೆ ಅಂತ ನನ್ನ ಹೆಂಡತಿ ಸರೋಜಾಳ ದೂರು. ಹಾಗಾಗಿ ಕಾಗದ.

ಹ್ಯೂಸ್ಟನ್ನಿನ ಕನ್ನಡ ಭವನದ ಬಾಗಿಲಿಗೆ ಈಗ ಎರಡು ಬೀಗ ಬಿದ್ದಿವೆ. ಒಂದು ನಮ್ಮ ಆಸ್ಟಿನ್ನಿನವರ ಹಳೆಯ ಕೂಟದ್ದು. ಇನ್ನೊಂದು, ಕೂಟ ಒಡೆದು ಹೊರಹೋದ ನಿಮ್ಮ ಡಾಲಸ್ ಬಳಗದ್ದು. ಭವನ ಯಾರದೆಂಬ ದಾವೆ ಕೋರ್ಟಿನಲ್ಲಿದೆ. ಮೂರೂ ಊರಿನವರು ಒಂದಾಗಿದ್ದಾಗ ಕಟ್ಟಿದ ಭವನ ಅದು. ಭಾನುವಾರದ ಕನ್ನಡ ತರಗತಿಗೆಂದೇ ಕಟ್ಟಿದ್ದು ಎನ್ನುವುದು ನನಗೆ ನೆನಪಿದೆ, ಬೇರೆ ಯಾರಿಗೂ ನೆನಪಿದ್ದಂತಿಲ್ಲ. ತರಗತಿ ನಡೆಸುವ ಇಂಚರಾ ದೀಪಾವಳಿಯಿಂದ ಈಚೆಗೆ ಮಕ್ಕಳನ್ನು ಯಾವುದೋ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಕೂಡಿಸಿಕೊಳ್ಳುತ್ತಿದ್ದಾಳೆ. ಬೇಸಿಗೆಯವರೆಗೆ ಮಾತ್ರ ಅಲ್ಲಿ ಅವಕಾಶವಂತೆ. ಆಗಸ್ಟಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಭವನ ತೆರೆಯದಿದ್ದರೆ ತರಗತಿಯನ್ನೇ ನಿಲ್ಲಿಸುತ್ತೇನೆ ಎಂದು ನನಗೆ ಸ್ಪಷ್ಟವಾಗಿ ಹೇಳಿದ್ದಾಳೆ.

ಮೂರನೆಯ ಟ್ರಸ್ಟಿ ಹಾಲಪ್ಪನವರು ತೀರಿಕೊಂಡ ಮೇಲೆ ಭವನಕ್ಕೆ ಉಳಿದಿರುವ ಟ್ರಸ್ಟಿಗಳು ನಾವಿಬ್ಬರೇ. ನಾವು ಸಹಿ ಹಾಕಿದರೆ ಎರಡೂ ಕಡೆಯವರು ಬೀಗ ತೆಗೆಯಲೇಬೇಕು.

ನೀವು ಧಾರವಾಡದಲ್ಲಿ ಇತಿಹಾಸ ಪಾಠ ಮಾಡಿದವರು. ನಾನು ಬರೀ ಓದಿದ ಎಂಜಿನಿಯರ್. ಕ್ರುಸೇಡ್ ಎಂಬ ಧರ್ಮಯುದ್ಧ ಅಂದರೆ ಎಲ್ಲರಿಗೂ ನೆನಪಾಗುವುದು ರಕ್ತ. ಆದರೆ ಆರನೆಯ ಕ್ರುಸೇಡಿನಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್, ಪೋಪನಿಂದ ಬಹಿಷ್ಕಾರ ಹಾಕಿಸಿಕೊಂಡೇ ಹಡಗು ಹತ್ತಿದ. ಈಜಿಪ್ಟಿನ ಸುಲ್ತಾನ ಅಲ್ ಕಾಮಿಲನೊಂದಿಗೆ ದೂತರ ಮೂಲಕ ಮಾತಾಡಿ, ೧೨೨೯ರಲ್ಲಿ ಒಂದು ಯುದ್ಧವೂ ಇಲ್ಲದೆ ಜೆರುಸಲೇಮನ್ನು ಪಡೆದ. ನಡುವೆ ಗಣಿತದ ಲೆಕ್ಕಗಳನ್ನೂ ಕೇಳಿ ಕಳಿಸಿದ್ದನಂತೆ. ಅವರಿಬ್ಬರಿಗೆ ಆಗಿದ್ದು ಒಂದು ಭವನದ ವಿಷಯದಲ್ಲಿ ನಮಗೇಕೆ ಆಗಬಾರದು?

ಉತ್ತರ ಬರೆಯಿರಿ.

ಪ್ರಭಂಜನ

*

ಕಾಪೆಲ್
೩ ಫೆಬ್ರವರಿ ೨೦೨೫

ಪ್ರಭಂಜನ ಅವರಿಗೆ ಶರಣು.

ಪತ್ರ ಮುಟ್ಟಿತು ರೀ. ಕೈಬರಹ ಓದಲಿಕ್ಕೆ ಎರಡು ದಿನ ಹಿಡಿಯಿತು, ಉತ್ತರ ತಡವಾದದ್ದಕ್ಕೆ ಅದೂ ಒಂದು ಕಾರಣ.

ನಿಮ್ಮ ಫ್ರೆಡರಿಕ್ ಸಾಹೇಬರನ್ನು ಸಂತರನ್ನಾಗಿ ಮಾಡಬೇಡಿ. ಸುಲ್ತಾನ ಮೊದಲು ಅವನನ್ನು ಕರೆದದ್ದು ಶಾಂತಿಗಲ್ಲ. ಡಮಾಸ್ಕಸ್ಸಿನಲ್ಲಿದ್ದ ತನ್ನ ಒಡಹುಟ್ಟಿದವನ ಕಾಲು ಮುರಿಯಲಿಕ್ಕೆ. ಚಕ್ರವರ್ತಿ ಬಂದು ಇಳಿಯುವುದರೊಳಗೆ ಆ ಒಡಹುಟ್ಟಿದವ ಸತ್ತ, ಕರೆದವನಿಗೆ ಅತಿಥಿ ಬೇಡವಾದ. ಇತ್ತ ಫ್ರೆಡರಿಕನ ಹಿಂದೆ ಇದ್ದದ್ದು ಸಣ್ಣ ದಂಡು, ಮನೆಯಲ್ಲಿ ಪೋಪನ ಸೈನ್ಯ ಅವನ ರಾಜ್ಯಕ್ಕೆ ಕೈ ಹಾಕಿತ್ತು. ಇಬ್ಬರಿಗೂ ಅವಸರ ಇತ್ತು, ಅದಕ್ಕೇ ಮಾತುಕತೆ. ಒಡಹುಟ್ಟಿದವರ ಜಗಳ ಇಲ್ಲದಿದ್ದರೆ ಆ ಒಪ್ಪಂದ ಆಗುತ್ತಲೇ ಇರಲಿಲ್ಲ.

ಇನ್ನು ಭವನ. ನಮ್ಮ ಬಳಗದ ಅಧ್ಯಕ್ಷರಾದ ಮಹಾಂತಪ್ಪನವರು ಸುಲಭಕ್ಕೆ ಬಗ್ಗುವವರಲ್ಲ. ಗ್ರಾನೈಟ್ ವ್ಯಾಪಾರ ಮಾಡುವವರು, ಸ್ವಭಾವವೂ ಅದೇ ಕಲ್ಲು. ಹೋದ ಸಮ್ಮೇಳನದಲ್ಲಿ ದೀಪ ಬೆಳಗಿಸಲಿಕ್ಕೆ ಅವರನ್ನು ಐದನೆಯವರಾಗಿ ಕರೆದದ್ದನ್ನು ಅವರು ಇನ್ನೂ ಮರೆತಿಲ್ಲ. ನಿಮ್ಮವರು ನಕ್ಕರೆ ನಗಲಿ. ಕೂಟ ಒಡೆದದ್ದು ಅಂದೇ, ಆ ದೀಪದ ಮುಂದೆಯೇ.

ದೀಪ ಯಾರು ಹಚ್ಚಬೇಕು, ಗೋಡೆಗೆ ಯಾರ ಬ್ಯಾನರ್, ಯಾರಿಗೆ ಯಾವ ಹಬ್ಬ, ಇವು ಮೊದಲು ಬಗೆಹರಿಯಲಿ. ಉಳಿದದ್ದು ಆಮೇಲೆ.

ಸುಮಿತ್ರವ್ವ

*

ಜಾರ್ಜ್‌ಟೌನ್
೨೩ ಫೆಬ್ರವರಿ ೨೦೨೫

ಸುಮಿತ್ರವ್ವನವರಿಗೆ ನಮಸ್ಕಾರ.

ಒಡಹುಟ್ಟಿದವರ ವಿಷಯ ನಾನೂ ಓದಿದ್ದೆ, ಮುಖ್ಯವೆನಿಸಿರಲಿಲ್ಲ.

ನನ್ನ ಕರಡು ಹೀಗಿದೆ. ದೀಪವನ್ನು ಇಬ್ಬರು ಅಧ್ಯಕ್ಷರೂ ಒಂದೇ ಮೇಣದಬತ್ತಿ ಹಿಡಿದು ಒಟ್ಟಿಗೆ ಹಚ್ಚುವುದು. ಗೋಡೆಯ ಮೇಲೆ ಯಾರ ಬ್ಯಾನರೂ ಬೇಡ. ಯುಗಾದಿ ನಿಮಗೆ, ರಾಜ್ಯೋತ್ಸವ ನಮಗೆ, ಗಣೇಶನ ಹಬ್ಬ ವರ್ಷ ಬಿಟ್ಟು ವರ್ಷ. ಭಾನುವಾರ ಬೆಳಿಗ್ಗೆ ನಿಮ್ಮ ವಚನ ಗಾಯನ, ಮಧ್ಯಾಹ್ನ ನಮ್ಮ ಸಂಗೀತಾಭ್ಯಾಸ. ಆಹ್ವಾನಪತ್ರದಲ್ಲಿ ಎರಡು ಹೆಸರೂ ಅಕ್ಷರಾನುಕ್ರಮದಲ್ಲಿ ಇರಲಿ. ಅದರಂತೆ ಕೂಟ ಮೊದಲು, ಬಳಗ ಆಮೇಲೆ ಬರುತ್ತದೆ ಎಂದು ತಕರಾರು ಮಾಡಬೇಡಿ. ವರ್ಣಮಾಲೆ ಮಾಡಿದ್ದು ಆಸ್ಟಿನ್ನಿನವರಲ್ಲ.

ನಮ್ಮ ಅಧ್ಯಕ್ಷ ದುಷ್ಯಂತ್‌ಗೆ ಸಮಯ ನೋಡಿ ತೋರಿಸುತ್ತೇನೆ. ನಲವತ್ತು ದಾಟಿಲ್ಲ, ಕಂಪನಿಯಲ್ಲಿ ನೂರು ಜನರನ್ನು ಆಳುತ್ತಾನೆ. ಕೂಟವೂ ಹಾಗೇ ನಡೆಯುತ್ತದೆ ಎಂದುಕೊಂಡಿದ್ದಾನೆ.

ಯುಗಾದಿ ಸ್ಮರಣಸಂಚಿಕೆಗೆ ಲೇಖನ ಕೇಳಿದರು. ಫ್ರೆಡರಿಕನ ಬಗ್ಗೆಯೇ ಬರೆದುಕೊಟ್ಟೆ. ಹೇಗೂ ಯಾರೂ ಅದನ್ನು ಓದುವುದಿಲ್ಲ, ಜಾಹೀರಾತು ನೋಡಿ ಮುಚ್ಚಿಡುತ್ತಾರೆ.

ಪ್ರಭಂಜನ

*

ಕಾಪೆಲ್
೬ ಏಪ್ರಿಲ್ ೨೦೨೫

ಪ್ರಭಂಜನ ಅವರಿಗೆ ಶರಣು.

ಯಾರೂ ಓದುವುದಿಲ್ಲ ಎಂದಿದ್ದಿರಿ. ನಿನ್ನೆ ಲಿಟಲ್ ಎಲ್ಮ್‌ನಲ್ಲಿ ಮಹಾಂತಪ್ಪನವರ ಮನೆಯಲ್ಲಿ ಇಪ್ಪತ್ತು ಜನ ಕೂತು ಗಟ್ಟಿಯಾಗಿ ಓದಿದರು. ರೊಟ್ಟಿ ಆರಿಹೋದವು.

ನಮ್ಮ ಖಜಾಂಚಿ ಸಿದ್ಧಾರೂಢ ಓದುತ್ತಿದ್ದ. ಪೋಪ್ ಒಂಬತ್ತನೆಯ ಗ್ರೆಗರಿ ದೂರದಲ್ಲಿ ಕೂತೇ ಬಹಿಷ್ಕಾರ ಹಾಕಿದ ಎನ್ನುವಲ್ಲಿಗೆ ಬಂದು ನಿಲ್ಲಿಸಿದ.

"ಅಧ್ಯಕ್ಷರ, ಇದು ನಿಮಗ ಬರದದ್ದು."

"ನಾ ಇನ್ನೂ ಇಟಲಿ ನೋಡಿಲ್ಲೋ, ಪೋಪ್ ಹ್ಯಾಂಗ ಆಗ್ಲಿ?"

"ಹೋದ ವರ್ಷ ಆಸ್ಟಿನ್‌ನವರನ್ನ ಒಬ್ಬೊಬ್ಬರನ್ನ ವಾಟ್ಸ್ಆ್ಯಪ್ ಗ್ರೂಪಿನಿಂದ ತಗದವರು ಯಾರ್ರಿ? ಸೋಫಾದ ಮ್ಯಾಲ ಕುಂತು ತಗದ್ರಿ."

ಮಹಾಂತಪ್ಪನವರು ಸಂಚಿಕೆ ಕಸಿದುಕೊಂಡರು. ಕೊನೆಯಲ್ಲಿ, ಚಕ್ರವರ್ತಿ ಆಕ್ರಾ ಬಂದರಿನಿಂದ ಹೊರಡುವಾಗ ಅವನದೇ ಧರ್ಮದ ಕಟುಕರು ಅವನ ಮೇಲೆ ಕರುಳು ಎಸೆದರು ಎಂದು ಬರೆದಿದ್ದೀರಲ್ಲ, ಅದನ್ನು ಕೇಳಿ ಸಿದ್ಧಾರೂಢನ ಹೆಂಡತಿ ಅಮೂಲ್ಯಾ ಎದ್ದು ನಿಂತಳು. "ಹಂಗಾರ ಕಟುಕರು ನಾವೇನ್ರಿ? ನಮ್ಮ ಮನ್ಯಾಗ ತತ್ತಿ ಸೈತ ತರೂದಿಲ್ಲ!"

ನಗು ಬರುತ್ತದೆ, ಆದರೆ ಕಥೆ ಮುಗಿದದ್ದು ನಗುವಿನಲ್ಲಲ್ಲ. ನೀವು ಅಚ್ಚಿನಲ್ಲಿ ಕ್ಷಮೆ ಕೇಳುವ ತನಕ ನಾನು ಯಾವ ಕಾಗದಕ್ಕೂ ಸಹಿ ಹಾಕಬಾರದು ಎಂದು ಮಹಾಂತಪ್ಪನವರು ಎಲ್ಲರ ಎದುರಿಗೆ ಹೇಳಿದರು.

ನಿಜ ಹೇಳಿ, ಬರೆಯುವಾಗ ಮನಸ್ಸಿನಲ್ಲಿ ಇದ್ದವರು ಯಾರು?

ಸುಮಿತ್ರವ್ವ

*

ಜಾರ್ಜ್‌ಟೌನ್
೧೪ ಏಪ್ರಿಲ್ ೨೦೨೫

ಸುಮಿತ್ರವ್ವನವರಿಗೆ,

ಮನಸ್ಸಿನಲ್ಲಿ ಇದ್ದದ್ದು ಪೋಪ್ ಒಂಬತ್ತನೆಯ ಗ್ರೆಗರಿ. ಎಂಟುನೂರು ವರ್ಷದ ಹಿಂದೆ ಸತ್ತವನ ಬಗ್ಗೆ ಬರೆಯಲು ಲಿಟಲ್ ಎಲ್ಮ್‌ನ ಅಪ್ಪಣೆ ಬೇಕೆಂದು ನನಗೆ ತಿಳಿದಿರಲಿಲ್ಲ. ಎಮರ್ಜೆನ್ಸಿಯಲ್ಲಿ ನಮ್ಮ ಕಾಲೇಜು ಪತ್ರಿಕೆಯ ಹಾಳೆ ಹರಿದ ಪ್ರಿನ್ಸಿಪಾಲರನ್ನು ನಾನು ಈವರೆಗೆ ಕ್ಷಮಿಸಿಲ್ಲ. ಈಗ ಅಚ್ಚಿನಲ್ಲಿ ಕ್ಷಮೆ ಕೇಳಬೇಕೆ? ಸಾಧ್ಯವಿಲ್ಲ.

ನಮ್ಮಲ್ಲೂ ಇದೇ ಕಾಯಿಲೆ. ದುಷ್ಯಂತ್ ಮೊದಲ ದಿನ ಫೋನ್ ಮಾಡಿ, "ಅಂಕಲ್, ನನ್ನನ್ನ ಎಂಪರರ್ ಮಾಡಿಬಿಟ್ಟಿದ್ದೀರ, ಥ್ಯಾಂಕ್ಸ್!" ಎಂದ. ಮರುದಿನ ಮತ್ತೆ ಫೋನ್: "ಅಂಕಲ್, ಲಾಸ್ಟ್ ಪ್ಯಾರಾ ಈಗ ಓದಿದೆ. ನಮ್ಮವರ ಕೈಲೇ ನನ್ನ ಮೇಲೆ ಮಟನ್ ಎಸೆಸಿದ್ದೀರಲ್ಲ, ಏನಿದು?" ಈಗ ನಾನು ಯಾರ ಕಡೆಯವನು ಎಂದು ವಿಚಾರಣೆ ನಡೆಯುತ್ತಿದೆ.

ಇಷ್ಟಾದರೆ ತಡೆದುಕೊಳ್ಳುತ್ತಿದ್ದೆ. ಶನಿವಾರ ನಿಮ್ಮ ಡಾಲಸ್ ಕಡೆ, ಫ್ರಿಸ್ಕೋದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟದ ಸಾಲಿನಲ್ಲಿ ಪಕ್ಕದವರು, "ಸುಮಿತ್ರವ್ವ ಮಹಾಂತಪ್ಪನ ಸ್ವಂತ ಅಕ್ಕ, ಗೊತ್ತಿಲ್ವಾ ನಿಮಗೆ?" ಎಂದರು. ನಿಮ್ಮ ಪತ್ರಗಳಲ್ಲಿ ಅವರು 'ಅಧ್ಯಕ್ಷರು', 'ಮಹಾಂತಪ್ಪನವರು'. ನಾನು ಬಹುವಚನಕ್ಕೆ ಮರುಳಾದೆ.

ನಾನು ಬರೆದದ್ದೆಲ್ಲ ಅಕ್ಕನ ಕೈಯಿಂದ ತಮ್ಮನ ಕೈಗೆ ಹೋಗಿದೆ ಎಂದು ಈಗ ಅರ್ಥವಾಯಿತು. ನನ್ನ ಪತ್ರಗಳನ್ನು ದಯವಿಟ್ಟು ವಾಪಸ್ ಕಳಿಸಿ.

ಪ್ರಭಂಜನ

*

ಕಾಪೆಲ್
೧ ಜೂನ್ ೨೦೨೫

ಪ್ರಭಂಜನ ಅವರಿಗೆ,

ಪತ್ರ ವಾಪಸ್ ಕಳಿಸುವುದಿಲ್ಲ. ಅವು ನನಗೆ ಬರೆದವು, ನನ್ನವು.

ಮಹಾಂತಪ್ಪ ನನ್ನ ತಮ್ಮ. ಅವನು ನ್ಯೂಜೆರ್ಸಿ ಬಿಟ್ಟು ಇಲ್ಲಿಗೆ ಶಿಫ್ಟ್ ಆಗಿ ನಾಲ್ಕು ವರ್ಷ. ನಮ್ಮ ಕಡೆ ಯಾರಾದರೂ ಪರಿಚಯವಾದರೆ ಮೊದಲ ಪ್ರಶ್ನೆಯೇ 'ಯಾರ ಪೈಕಿ?'. ನೀವು ಮೈಸೂರಿನವರು ಅದನ್ನು ಕೇಳುವುದು ಮರ್ಯಾದೆಯಲ್ಲ ಎಂದುಕೊಂಡಿದ್ದೀರಿ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಿದ್ದರೆ ಎರಡನೆಯ ಪತ್ರ ಬರುತ್ತಿರಲಿಲ್ಲ. ಅವನಿಗೆ ನಿಮ್ಮ ಒಂದು ಸಾಲನ್ನೂ ತೋರಿಸಿಲ್ಲ. ನಂಬುವುದು ಬಿಡುವುದು ನಿಮ್ಮದು.

ಇಷ್ಟು ದಿನ ಬರೆಯದಿರಲು ಸಿಟ್ಟೇ ಕಾರಣ. ಈಗ ಬರೆಯುವುದು ಇಂಚರಾಳಿಂದಾಗಿ. ಹೋದ ವಾರ ಹ್ಯೂಸ್ಟನ್ನಿಗೆ ಹೋಗಿದ್ದೆ, ಮದುವೆಯೊಂದಕ್ಕೆ. ಅವಳೇ ಹುಡುಕಿಕೊಂಡು ಬಂದಳು. ಕ್ಲಬ್‌ಹೌಸ್ ಮುಗಿಯಿತಂತೆ. ನಾನು ದೊಡ್ಡಸ್ತಿಕೆಯಿಂದ, "ನೋಡವ್ವ, ನಾವು ಸುಮ್ಮನ ಕುಂತಿಲ್ಲ" ಎಂದು ನಿಮ್ಮ ಕರಡು ಓದಲು ಕೊಟ್ಟೆ.

ನಿಂತಲ್ಲೇ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಕೇಳಿದಳು: "ಆಂಟಿ, ಇದ್ರಲ್ಲಿ ನಮ್ ಕ್ಲಾಸ್ ಎಲ್ಲಿದೆ?"

ನಾನು ಹಾಳೆ ತಿರುಗಿಸಿ ನೋಡಿದೆ ರೀ. ಇಲ್ಲ. ದೀಪ ಇದೆ, ಮೇಣದಬತ್ತಿ ಇದೆ, ಯಾರ ಹೆಸರು ಮೊದಲು ಎನ್ನುವುದಿದೆ.

"ಭಾನುವಾರ ಬೆಳಿಗ್ಗೆ ವಚನಕ್ಕೆ ಕೊಟ್ಟಿದ್ದೀರ, ಮಧ್ಯಾಹ್ನ ಸಂಗೀತಕ್ಕೆ. ಮಕ್ಕಳು ಬರೋದು ಭಾನುವಾರ ಒಂದೇ ದಿನ. ನಾವೇನು ಪಾರ್ಕಿಂಗ್ ಲಾಟಲ್ಲಿ ಕೂತ್ಕೊಳ್ಳೋದಾ?" ಅವಳು ಸಿಟ್ಟಾಗಲಿಲ್ಲ. ನಕ್ಕಳು. ಅದು ಇನ್ನೂ ಕೆಟ್ಟದಾಗಿ ತಾಗಿತು.

ನಿಮ್ಮ ಲೇಖನದಲ್ಲಿ ಬಿಟ್ಟುಹೋದ ಒಂದು ಮಾತು ಹೇಳುತ್ತೇನೆ. ಆ ಒಪ್ಪಂದದಂತೆ ಜೆರುಸಲೇಮಿನಲ್ಲಿ ವಾಸವಿದ್ದ ಮುಸಲ್ಮಾನರು ಮನೆ ಬಿಟ್ಟು ಅಳುತ್ತ ಹೊರಟರು. ಚಕ್ರವರ್ತಿ ಅವರನ್ನು ಕೇಳಲಿಲ್ಲ, ಅವರದೇ ಸುಲ್ತಾನನೂ ಕೇಳಲಿಲ್ಲ. ಗಣಿತದ ಲೆಕ್ಕ ಕಳಿಸಿಕೊಂಡ ಇಬ್ಬರು ಬುದ್ಧಿವಂತರು, ಊರಲ್ಲಿ ಇದ್ದವರನ್ನು ಬಿಟ್ಟು ಊರಿನ ಬಗ್ಗೆ ಮಾತಾಡಿದರು. ನಾನು ಮಕ್ಕಳಿಗೆ ಇದನ್ನು ಎಷ್ಟು ವರ್ಷ ಪಾಠ ಮಾಡಿದ್ದೇನೆ. ಈಗ ನಾನೇ ಅದೇ ತಪ್ಪು ಮಾಡಿದೆ.

ಸುಮಿತ್ರವ್ವ

*

ಜಾರ್ಜ್‌ಟೌನ್
೮ ಜೂನ್ ೨೦೨೫

ಸುಮಿತ್ರವ್ವನವರಿಗೆ ನಮಸ್ಕಾರ.

ಪತ್ರ ಓದಿ ಸರೋಜಾಳಿಗೆ ಕೊಟ್ಟೆ. "ಕ್ಲಾಸಿಗೋಸ್ಕರ ಜಗಳ ಆಡ್ತಾ ಕ್ಲಾಸನ್ನೇ ಮರೆತ್ರಾ? ಚೆನ್ನಾಗಿದೆ ನಿಮ್ಮ ಪಾಂಡಿತ್ಯ" ಎಂದು ಅಡಿಗೆಮನೆಗೆ ಹೋದಳು.

ನೀವು ಒಂದು ವಿಷಯ ಹೇಳಲಿಲ್ಲ, ನಾನೂ ಒಂದನ್ನು ಹೇಳಿರಲಿಲ್ಲ. ಸೆಪ್ಟೆಂಬರಿನಲ್ಲಿ ಕೋರ್ಟು ತೀರ್ಮಾನ ನಮ್ಮ ಕಡೆ ಆಗುತ್ತದೆ, ಅಲ್ಲಿಯವರೆಗೆ ನಿಮ್ಮೊಂದಿಗೆ ಮಾತು ಎಳೆಯುತ್ತಿರಿ ಎಂದು ದುಷ್ಯಂತ್ ಮೊದಲೇ ಹೇಳಿದ್ದ. ಅಕ್ಷರಾನುಕ್ರಮ ಅಂಥ ಎಳೆತವೇ. ಸೆಪ್ಟೆಂಬರಿಗೆ ತರಗತಿ ಇರುವುದಿಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತಿತ್ತು.

ಇಂಚರಾಳಿಗೆ ಫೋನ್ ಮಾಡಿ ನಿನಗೇನು ಬೇಕು ಎಂದು ಕೇಳಿದೆ. ಈ ಪ್ರಶ್ನೆಯನ್ನು ಇದೇ ಮೊದಲು ಕೇಳುತ್ತಿದ್ದೀರಿ ಎಂದಳು. ಅವಳಿಗೆ ಬೇಕಾದದ್ದು ಇಷ್ಟೇ: ಭಾನುವಾರ ಪೂರ್ತಿ ತರಗತಿಗೆ. ಎರಡೂ ಬೀಗ ತೆಗೆದು ಹೊಸದೊಂದು ಬೀಗ, ಅದರ ಕೀ ಅವಳ ಹತ್ತಿರ. ಅಂದು ಯಾವ ಸಂಘದ ಪದಾಧಿಕಾರಿಯೂ ಒಳಗೆ ಕಾಲಿಡಬಾರದು, ದೀಪ ಹಚ್ಚಲಿಕ್ಕೂ. ಕೋರ್ಟು ಏನೇ ಹೇಳಲಿ, ಐದು ವರ್ಷ ಇದು ಬದಲಾಗಕೂಡದು.

ಹಬ್ಬಗಳಿಗಾಗಿ ಅವರವರೇ ಕಿತ್ತಾಡಿಕೊಳ್ಳಲಿ. ಈ ಒಂದು ಕಾಗದಕ್ಕೆ ನಾನು ಸಹಿ ಹಾಕಿದ್ದೇನೆ, ಇದರೊಂದಿಗೆ ಇಟ್ಟಿದ್ದೇನೆ. ಸಹಿಗಾಗಿ ನೀವು ತೆರಬೇಕಾದ ಬೆಲೆ ನನ್ನದಕ್ಕಿಂತ ದೊಡ್ಡದು. ನನಗಾದರೆ ಕೂಟ ಹೋಗುತ್ತದೆ, ಅಷ್ಟೆ. ಹಾಕದಿದ್ದರೆ ತಪ್ಪು ತಿಳಿಯುವುದಿಲ್ಲ.

ಪ್ರಭಂಜನ

*

ಕಾಪೆಲ್
೧ ಆಗಸ್ಟ್ ೨೦೨೫

ಪ್ರಭಂಜನ ಅವರಿಗೆ ಶರಣು.

ಜುಲೈ ಮೊದಲ ವಾರ ಸಹಿ ಹಾಕಿ ಇಂಚರಾಳಿಗೇ ನೇರ ಕಳಿಸಿದ್ದು ನಿಮಗೆ ಗೊತ್ತಾಗಿರುತ್ತದೆ. ಬೀಗಗಳು ಹೋದವಂತೆ. ನಮ್ಮ ಬೀಗ ಒಡೆಯಲು ಬಹಳ ಹೊತ್ತು ಹಿಡಿಯಿತು, ಒಳ್ಳೆಯ ಬೀಗ ಎಂದು ಫೋನಿನಲ್ಲಿ ಹೇಳಿದಳು.

ಬಳಗದ ಸಭೆಯಲ್ಲಿ ನನ್ನನ್ನು ತೆಗೆದುಹಾಕುವ ಠರಾವು ಪಾಸಾಯಿತು. ಮಂಡಿಸಿದವನು ಸಿದ್ಧಾರೂಢ. ಮಹಾಂತಪ್ಪ ಕೈ ಎತ್ತಲಿಲ್ಲ, ತಡೆಯಲೂ ಇಲ್ಲ. "ಅಕ್ಕಾ ಅಂತ ಸುಮ್ಮನಿದ್ದೆ. ಅಕ್ಕಾನೇ ವೈರಿಗೆ ಬಾಗಲಾ ತಗದ್ಲು" ಎಂದ. ವೈರಿ ಅಂದರೆ ಎರಡನೆಯ ಇಯತ್ತೆಯ ಮಕ್ಕಳು.

ಮಂಗಳವಾರ ಪಂಚಮಿ ಇತ್ತು. ನಮ್ಮ ಕಡೆ ಅದು ಅಕ್ಕತಂಗಿಯರ ಹಬ್ಬ, ತಮ್ಮ ಬಂದು ತವರಿಗೆ ಕರೆದೊಯ್ಯಬೇಕು. ಅಪ್ಪ ಅವ್ವ ಹೋದ ಮೇಲೆ ನನಗೆ ಲಿಟಲ್ ಎಲ್ಮ್‌ನ ಅವನ ಮನೆಯೇ ತವರು. ಟೆಕ್ಸಾಸಿಗೆ ಬಂದಾಗಿನಿಂದ ಪ್ರತಿ ವರ್ಷ ವ್ಯಾಪಾರ ಬದಿಗಿಟ್ಟು ತಾನೇ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಕಾರು ಕಳಿಸುತ್ತೇನೆ ಅಂದರೆ ನಾನು ಹತ್ತುವುದಿಲ್ಲ ಎಂದು ಅವನಿಗೆ ಗೊತ್ತು. ಈ ಸಲ ಬರಲಿಲ್ಲ. ಎಳ್ಳುಂಡಿ ಕಟ್ಟಿ ಇಟ್ಟಿದ್ದೆ. ಸಂಜೆ ಪಕ್ಕದ ತೆಲುಗರ ಮನೆಗೆ ಕೊಟ್ಟೆ.

ಇದನ್ನು ನಿಮ್ಮ ಸಮಾಧಾನದ ಮಾತಿಗಾಗಿ ಬರೆದದ್ದಲ್ಲ. ಒಂದು ಕೆಲಸ ಇದೆ, ಅದಕ್ಕೆ ಬರೆದೆ. ಕೂಟದವರು ನಿಮ್ಮನ್ನು ಹೊರಗೆ ಹಾಕಿದ ರೀತಿಯನ್ನು ಹೆಸರು ಹಿಡಿದು ಬರೆದು ಮೂರೂ ಊರಿಗೆ ಕಳಿಸುತ್ತೀರಿ ಎಂದು ಕೇಳಿದೆ. ನಿಮ್ಮ ಜಾಗದಲ್ಲಿ ಇದ್ದರೆ ನನಗೂ ಬರೆಯುವ ಆಸೆ ಆಗುತ್ತಿತ್ತು. ಬರೆಯಬೇಡಿ. ಎರಡೂ ಕಡೆಯವರು ಈಗ ನಮ್ಮಿಬ್ಬರನ್ನು ಬೈಯುವುದರಲ್ಲಿ ಒಂದಾಗಿದ್ದಾರೆ, ಭವನದ ಕಡೆ ಯಾರ ಗಮನವೂ ಇಲ್ಲ. ನಿಮ್ಮ ಲೇಖನ ಬಂದರೆ ಮತ್ತೆ ಅಲ್ಲಿಗೇ ಹೋಗುತ್ತಾರೆ. ಬೈಸಿಕೊಂಡು ಇರೋಣ.

ಫ್ರೆಡರಿಕ್ ಪಡೆದ ಜೆರುಸಲೇಮ್ ಹದಿನೈದು ವರ್ಷದ ಮೇಲೆ ಹೇಗೂ ಕೈ ತಪ್ಪಿತು, ಅಂದಮೇಲೆ ಏನು ಉಪಯೋಗ ಎಂದು ನೀವು ಕೇಳಬಹುದು. ಐದು ವರ್ಷದಲ್ಲಿ ಒಂದು ಮಗು ಓದುಬರಹ ಕಲಿಯುತ್ತದೆ ರೀ. ನನಗೆ ಅಷ್ಟು ಸಾಕು.

ಇಂಚರಾಳಿಗೆ ದೊಡ್ಡ ಮಕ್ಕಳಿಗೆ ಕಥೆ ಹೇಳುವವರು ಬೇಕಂತೆ. ನಾವಿಬ್ಬರೂ ಈಗ ಯಾವ ಸಂಘದವರೂ ಅಲ್ಲ, ಅವಳ ನಿಯಮದ ಪ್ರಕಾರ ಒಳಗೆ ಬಿಡಲು ಅಡ್ಡಿಯಿಲ್ಲವಂತೆ. ನನ್ನ ಮೊಣಕಾಲಿಗೆ ನಾಲ್ಕು ತಾಸಿನ ದಾರಿ ಪ್ರತಿ ವಾರ ಆಗದು. ಮೊದಲ ಭಾನುವಾರ ನೀವು ಹೋಗಿ.

ಸುಮಿತ್ರವ್ವ

*

ಹ್ಯೂಸ್ಟನ್
೧೭ ಆಗಸ್ಟ್ ೨೦೨೫

ಸುಮಿತ್ರವ್ವನವರಿಗೆ ನಮಸ್ಕಾರ.

ಭವನದ ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸರೋಜಾ ಕಪಾಟಿನ ಪುಸ್ತಕಗಳ ಧೂಳು ಒರೆಸುತ್ತ, ಎಂಟು ತಿಂಗಳು ಮುಚ್ಚಿಟ್ಟವರಿಗೆ ಹೆಸರು ಹಿಡಿದು ಬೈಯುತ್ತಿದ್ದಾಳೆ. ಗಂಡನ ಹೆಸರೂ ನಡುವೆ ಬಂದುಹೋಯಿತು.

ಲೇಖನ ಬರೆದು ಮುಗಿಸಿದ್ದೆ. ಶೀರ್ಷಿಕೆ ಕೂಡ ಚೆನ್ನಾಗಿತ್ತು. ನಿಮ್ಮ ಪತ್ರ ಬಂದ ಮೇಲೆ ಎರಡು ದಿನ ಮೇಜಿನ ಮೇಲಿಟ್ಟು ನೋಡಿದೆ, ಮೂರನೆಯ ದಿನ ಹರಿದು ಹಾಕಿದೆ. ಒಳ್ಳೆಯ ವಾಕ್ಯಗಳಿದ್ದವು. ಯಾರಿಗೂ ಹೇಳಬೇಡಿ, ಹೊಟ್ಟೆ ಉರಿಯಿತು.

ಇಂದು ಹದಿನೇಳು ಮಕ್ಕಳು ಬಂದಿದ್ದರು. ಕ್ಲಬ್‌ಹೌಸಿಗೆ ಬರುತ್ತಿದ್ದವರಲ್ಲಿ ಅರ್ಧದಷ್ಟು, ಉಳಿದವರು ಈಜಿಗೋ ಚೆಸ್ಸಿಗೋ ಸೇರಿಬಿಟ್ಟರಂತೆ. ಮತ್ತೆ ಬರಬಹುದು ಎಂದು ಇಂಚರಾ ಹೇಳುತ್ತಾಳೆ. ಬಾಗಿಲಲ್ಲಿ ನಿಂತ ತಂದೆತಾಯಿಗಳು ನನ್ನನ್ನು ಒಂಥರಾ ನೋಡಿದರು. ಇಬ್ಬರು ಮಾತಾಡಿಸಲಿಲ್ಲ. ಒಬ್ಬರು ಹತ್ತಿರ ಬಂದು, ಇಷ್ಟೆಲ್ಲ ಮಾಡಿ ಅಕ್ಕತಮ್ಮನ್ನ ದೂರ ಮಾಡಿದ್ರಲ್ಲ ಸಾರ್, ಎಂದರು. ಜಗಳ ಮಾಡಬಾರದು ಎಂದು ಹೊರಡುವಾಗಲೇ ತೀರ್ಮಾನಿಸಿದ್ದೆ. ಹೌದು ಎಂದೆ.

ದೊಡ್ಡ ಮಕ್ಕಳಿಗೆ ಫ್ರೆಡರಿಕನ ಕಥೆ ಹೇಳಿದೆ. ಈ ಸಲ ಊರು ಬಿಟ್ಟು ಹೋದವರಿಂದ ಶುರು ಮಾಡಿದೆ. ಗಮನವಿಟ್ಟು ಕೇಳಿದರು, ಕರುಳಿನ ವಿಷಯ ಬಂದಾಗ ಬಹಳ ಇಷ್ಟಪಟ್ಟರು. ಆಮೇಲೆ ಅನಘಾ ಎಂಬ ಹುಡುಗಿ ಕೈ ಎತ್ತಿದಳು. ಎಂಟನೆಯ ತರಗತಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷ್.

"ಓಕೆ, ಬಟ್ ಹೂ ವನ್, ಅಂಕಲ್?"

ಚಕ್ರವರ್ತಿಯನ್ನು ಅವನವರು ಬೈದರು, ಸುಲ್ತಾನನನ್ನು ಅವನವರು ಬೈದರು ಎಂದೆ.

"ಐ ನೋ. ಬಟ್ ಹೂ ವನ್?"

"ಊರಿಗೆ ಮುತ್ತಿಗೆ ಹಾಕಲಿಲ್ಲ, ಪುಟ್ಟಿ. ಆ ವರ್ಷ ಅಲ್ಲಿ ಯಾರನ್ನೂ ಕೊಲ್ಲಲಿಲ್ಲ" ಎಂದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು.

"ದಟ್ಸ್ ನಾಟ್ ಅ ಸ್ಕೋರ್, ಅಂಕಲ್."

ಇಂಚರಾ ಅವಳಿಗೆ, ಅದನ್ನೇ ಕನ್ನಡದಲ್ಲಿ ಹೇಳು, ಇಲ್ಲದಿದ್ದರೆ ಮನೆಗೆ ಬಿಡುವುದಿಲ್ಲ ಎಂದಳು. ಹುಡುಗಿ ಚಾವಣಿ ನೋಡಿದಳು, ನೆಲ ನೋಡಿದಳು, ಪದಗಳನ್ನು ಒಂದೊಂದಾಗಿ ಹುಡುಕಿ ತಂದಳು:

"ಯಾರೂ... ಸಾಯ್ದೆ ಇದ್ರೆ... ಗೆದ್ದ ಹಾಗಲ್ಲ."

ತಪ್ಪಿಲ್ಲದ ವಾಕ್ಯ. ಸುಳ್ಳು ಮಾತು. ಅದು ಯಾಕೆ ಸುಳ್ಳು ಎಂದು ಅವಳಿಗೆ ಹೇಳಿಕೊಡಲು ನಮಗೆ ಐದು ವರ್ಷ ಇದೆ, ಸುಮಿತ್ರವ್ವ. ಮೊಣಕಾಲು ನೋಡಿಕೊಂಡು ಬನ್ನಿ.

ಪ್ರಭಂಜನ